ಹತ್ತನೇ ಕೆಲಸಗಾರ ಬರುವ ಮೊದಲು: ದಾವಣಗೆರೆಯ ಸಣ್ಣ ಮಾಲೀಕರಿಗೆ ಒಂದು ಮಾರ್ಗದರ್ಶಿ

ಮಂಡಿಪೇಟೆ, ಚೌಕಿಪೇಟೆ, ಪಿ.ಬಿ. ರಸ್ತೆ ಕಡೆಯ ಅಂಗಡಿ, ಗಿರಣಿಗಳ ಸಂಬಳದ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು: "ಒಂಬತ್ತಕ್ಕೇ ನಿಲ್ಸೋಣ ಸರ್, ಹತ್ತು ಬೇಡ." ಹತ್ತಾದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ, ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ) ಬರುತ್ತದೆ, ಇನ್ಸ್‌ಪೆಕ್ಟರ್ ಬರುತ್ತಾರೆ ಎನ್ನುವ ಭಯ. ಆ ಭಯಕ್ಕೆ ವ್ಯಾಪಾರ ಇದ್ದರೂ ಜನ ತೆಗೆದುಕೊಳ್ಳುವುದಿಲ್ಲ. ಇರುವ ಒಂಬತ್ತು ಜನ ಹದಿಮೂರು ಜನರ ಕೆಲಸ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಬಿಡುತ್ತಾರೆ. "ಈಗಿನ ಹುಡುಗ್ರು ನಿಲ್ಲಲ್ಲ" ಎಂದು ಮಾಲೀಕರು ಬೇಸರ ಮಾಡಿಕೊಳ್ಳುತ್ತಾರೆ.

ನಾನು ನೋಡಿದ ಮಟ್ಟಿಗೆ ಹುಡುಗರು ನಿಲ್ಲುತ್ತಾರೆ. ಎಷ್ಟು ಸಂಬಳ, ಯಾವತ್ತು ಕೊಡುತ್ತಾರೆ, ರಜೆ ಎಷ್ಟು ಎಂಬುದು ಮೊದಲ ದಿನವೇ ಕಾಗದದ ಮೇಲೆ ಇರುವ ಕಡೆ ನಿಲ್ಲುತ್ತಾರೆ. ಆ ಕಾಗದಗಳನ್ನು ಹೇಗೆ ಮಾಡುವುದು, ಒಂದರಿಂದ ಇಪ್ಪತ್ತು ಜನಕ್ಕೆ ಬೆಳೆಯುವಾಗ ಯಾವ್ಯಾವ ಹಂತದಲ್ಲಿ ಏನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲನೆಯದು: ನೋಂದಣಿ ಮತ್ತು ಎಣಿಕೆ

ಅಂಗಡಿ, ಹೋಟೆಲ್, ಆಫೀಸು ಯಾವುದೇ ಇರಲಿ, ಶುರು ಮಾಡಿದ 30 ದಿನದೊಳಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿ ನೋಂದಣಿ ಆಗಬೇಕು. ನಮ್ಮ ಕಡೆ ಇದನ್ನೇ "ಲೇಬರ್ ಲೈಸೆನ್ಸ್" ಅನ್ನುತ್ತಾರೆ. ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಟ್ರೇಡ್ ಲೈಸೆನ್ಸ್ ಇದ್ದರೆ ಸಾಕು ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅದು ಮಹಾನಗರ ಪಾಲಿಕೆಯದು, ಇದು ಕಾರ್ಮಿಕ ಇಲಾಖೆಯದು. ಎರಡೂ ಬೇಕು.

ಆಮೇಲೆ ಕೂತು ತಲೆ ಎಣಿಸಿ. ಮಾಲೀಕರು ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಅರ್ಧ ದಿನ ಬರುವ ಲೆಕ್ಕದವರು, ಗುತ್ತಿಗೆ ಮೇಲೆ ಬಂದ ಸೆಕ್ಯುರಿಟಿ, ಗೋಡೌನಿನಲ್ಲಿ ಕಾಯಂ ಇರುವ ಹುಡುಗ ಎಲ್ಲರೂ ಬರುತ್ತಾರೆ. ಸಂಬಳ 21,000 ದಾಟಿದವರಿಗೆ ಇಎಸ್‌ಐ ಕಟ್ಟುವ ಹಾಗಿಲ್ಲ, ನಿಜ. ಆದರೆ ಹತ್ತು ಜನ ಆದರೋ ಇಲ್ಲವೋ ಎಂದು ನೋಡುವಾಗ ಅವರೂ ಸೇರುತ್ತಾರೆ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದೇ ಅಂಗಡಿಯನ್ನು ಅರ್ಧ ತನ್ನ ಹೆಸರಲ್ಲಿ, ಅರ್ಧ ಹೆಂಡತಿ ಹೆಸರಲ್ಲಿ ತೋರಿಸಿ ಎಂಟು, ಏಳು ಎಂದು ಹಂಚುವುದು. ವ್ಯವಹಾರ ಒಂದೇ, ನಡೆಸುವವರು ಒಬ್ಬರೇ ಎಂದು ತಪಾಸಣೆಯಲ್ಲಿ ಕಂಡರೆ ಎರಡನ್ನೂ ಒಂದೇ ಸಂಸ್ಥೆ ಎಂದು ಹಿಡಿಯುತ್ತಾರೆ. ಹಿಂದಿನ ತಿಂಗಳುಗಳ ಬಾಕಿ, ಬಡ್ಡಿ, ದಂಡ ಸೇರಿ ಒಂದೇ ಸಲ ಕಟ್ಟಬೇಕಾಗುತ್ತದೆ. ಪ್ರತಿ ತಿಂಗಳು ಕಟ್ಟಿದ್ದರೆ ಸುಲಭವಾಗಿ ಹೋಗುತ್ತಿದ್ದ ಹಣ ಅದು.

ಎರಡನೆಯದು: ಜನ ಎಲ್ಲಿಂದ, ಯಾರು

ಬೋರ್ಡಿನಲ್ಲಿ "ಕೆಲಸಕ್ಕೆ ಬೇಕಾಗಿದ್ದಾರೆ" ಎಂದು ಹಾಕಿ ಕೂರುವುದಕ್ಕಿಂತ, ಜನ ಎಲ್ಲಿಂದ ಬರುತ್ತಾರೆ ಎಂದು ಮೊದಲು ಯೋಚಿಸಿ. ದಾವಣಗೆರೆ ಅಂಗಡಿಗಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಜನ ಮಾಯಕೊಂಡ, ಜಗಳೂರು, ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆಯವರು. ಬಸ್ಸಿನ ಸಮಯ ಅವರ ಕೆಲಸದ ಸಮಯವನ್ನು ತೀರ್ಮಾನಿಸುತ್ತದೆ. ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಸಂದರ್ಶನದಲ್ಲೇ ಕೇಳಿ. ಅದನ್ನು ಕೇಳದೆ ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುವ ಅಂಗಡಿಗೆ ಜಗಳೂರಿನ ಹುಡುಗಿಯನ್ನು ತೆಗೆದುಕೊಂಡರೆ ಮೂರೇ ವಾರ, ಅವಳು ಬಿಡುತ್ತಾಳೆ. ಅದು ಅವಳ ತಪ್ಪಲ್ಲ.

ಹೊಲದ ಕ್ಯಾಲೆಂಡರ್ ಕೂಡ ಗೋಡೆ ಮೇಲೆ ಇರಲಿ. ಮೆಕ್ಕೆಜೋಳದ ಕಟಾವು ಅಕ್ಟೋಬರ್, ನವೆಂಬರಿನಲ್ಲಿ ಜೋರಾಗುತ್ತದೆ. ಚನ್ನಗಿರಿ ಕಡೆಯವರಿಗೆ ಅಡಿಕೆ ಕೊಯ್ಲು ಇರುತ್ತದೆ. ಅದೇ ಹೊತ್ತಿಗೆ ನಮಗೆ ದೀಪಾವಳಿ ವ್ಯಾಪಾರ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಊರಿನವರ ಮನೆ ತುಂಬಾ ನೆಂಟರು, ಯಾರೂ ಕೆಲಸಕ್ಕೆ ಬರುವುದಿಲ್ಲ. ಇದು ಗೊತ್ತಿದ್ದೂ ಪ್ರತಿ ಸಲ "ಯಾರೂ ಹೇಳದೆ ಕೇಳದೆ ರಜೆ ಹಾಕಿದ್ರು" ಎಂದು ಕೋಪ ಮಾಡಿಕೊಳ್ಳುವುದು ಬೇಡ ಅಲ್ವಾ? ಒಂದು ತಿಂಗಳು ಮೊದಲೇ ಎಲ್ಲರನ್ನೂ ಕೂರಿಸಿ ಯಾರು ಯಾವಾಗ ಹೋಗುತ್ತೀರಿ ಎಂದು ಬರೆದುಕೊಳ್ಳಿ. ಅರ್ಧ ಜನ ಮೊದಲು, ಅರ್ಧ ಜನ ಆಮೇಲೆ.

ಹುಡುಕುವ ದಾರಿಗಳು ಹಲವು ಇವೆ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ ಖಾಲಿ ಹುದ್ದೆ ತಿಳಿಸಬಹುದು, ಅದಕ್ಕೆ ಖರ್ಚಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್ ಇದೆ. ಯಂತ್ರದ ಕೆಲಸಕ್ಕೆ ಐಟಿಐಗಳ ಪ್ಲೇಸ್‌ಮೆಂಟ್ ಅಧಿಕಾರಿಗಳನ್ನು ನೇರವಾಗಿ ಭೇಟಿ ಮಾಡಿ. ಆದರೂ ನನ್ನ ಅನುಭವದಲ್ಲಿ ಅತಿ ಒಳ್ಳೆಯ ದಾರಿ, ಈಗಾಗಲೇ ನಿಮ್ಮಲ್ಲಿ ಖುಷಿಯಾಗಿರುವ ಒಬ್ಬರು ತಮ್ಮ ಊರಿನಿಂದ ಕರೆತರುವುದು.

ಅಪ್ರೆಂಟಿಸ್ ತೆಗೆದುಕೊಳ್ಳುವುದನ್ನೂ ಯೋಚಿಸಿ. ನಾಲ್ಕು ಅಥವಾ ಹೆಚ್ಚು ಜನ ಇರುವ ಸಂಸ್ಥೆ ಬೇಕಾದರೆ ತೆಗೆದುಕೊಳ್ಳಬಹುದು. 30 ಅಥವಾ ಹೆಚ್ಚು ಜನ ಇದ್ದರೆ ತೆಗೆದುಕೊಳ್ಳಲೇಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಸ್ಟೈಪೆಂಡಿನ 25 ಶೇಕಡಾ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ.

ವಯಸ್ಸಿನ ದಾಖಲೆ ನೋಡದೆ ಯಾರನ್ನೂ ಸೇರಿಸಬೇಡಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದೂ ಅಪರಾಧ. "ಅವರ ಮನೆಯವರೇ ಬಿಟ್ಟು ಹೋದರು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮೂರನೆಯದು: ಮೊದಲ ದಿನದ ಕಾಗದ

ಈ ಹಂತವನ್ನು ಮಾತ್ರ ಬಿಡಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಅಂಗಡಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನಮೂನೆ 'ಕ್ಯೂ'ನಲ್ಲಿ (Form Q) ನೇಮಕಾತಿ ಆದೇಶ ಕೊಡಬೇಕು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೂ ನೇಮಕಾತಿ ಪತ್ರ ಕಡ್ಡಾಯ. ನನ್ನ ಸಲಹೆ ಕೇಳಿದರೆ, 30 ದಿನ ಕಾಯಬೇಡಿ, ಮೊದಲ ದಿನವೇ ಕೊಡಿ. ಕನ್ನಡದಲ್ಲಿ ಕೊಡಿ. ಇಂಗ್ಲಿಷಿನ ನಾಲ್ಕು ಪುಟಕ್ಕೆ ಸಹಿ ಹಾಕಿಸಿಕೊಂಡರೆ ಓದದೆ ಹಾಕುತ್ತಾರೆ. ಆಮೇಲೆ ಜಗಳ ಬಂದಾಗ "ನಂಗೆ ಯಾರೂ ಹೇಳಿಲ್ಲ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಒಂದೇ ಪುಟದಲ್ಲಿ ಇಷ್ಟು ಇರಲಿ: ಹೆಸರು, ಕೆಲಸ, ಸೇರಿದ ದಿನ, ಸಂಬಳ ಮತ್ತು ಅದರೊಳಗಿನ ಮೂಲ ವೇತನ, ತುಟ್ಟಿಭತ್ಯೆ, ಕಡಿತಗಳು. ಸಂಬಳ ಬರುವ ತಾರೀಖು. ಕೆಲಸದ ಸಮಯ, ಊಟದ ಬಿಡುವು, ವಾರದ ರಜೆ ಯಾವ ದಿನ. ಪ್ರೊಬೇಷನ್ ಎಷ್ಟು ತಿಂಗಳು. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು. ಎರಡು ಪ್ರತಿ ಮಾಡಿ, ಒಂದು ಅವರ ಕೈಗೆ ಕೊಡಿ. ಅವರ ಪ್ರತಿ ಅವರ ಹತ್ತಿರವೇ ಇರಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒರಿಜಿನಲ್ ಅಂಕಪಟ್ಟಿ, ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮಾಡಬೇಡಿ. ಝೆರಾಕ್ಸ್ ಸಾಕು. ಹಾಗೆಯೇ ಮುಂಗಡ. ಭಟ್ಟಿ, ಗಿರಣಿ, ಇಟ್ಟಿಗೆ ಗೂಡುಗಳಲ್ಲಿ ಮುಂಗಡ ಇಲ್ಲದೆ ಜನ ಬರುವುದಿಲ್ಲ ಎನ್ನುತ್ತಾರೆ, ಗೊತ್ತು. ಮುಂಗಡ ಕೊಡಿ, ಬರೆದುಕೊಳ್ಳಿ, ಸಣ್ಣ ಕಂತಿನಲ್ಲಿ ಹಿಡಿಯಿರಿ. ಆದರೆ "ಮುಂಗಡ ತೀರುವ ತನಕ ಬಿಡೋ ಹಾಗಿಲ್ಲ" ಎಂದು ಯಾರನ್ನಾದರೂ ಹಿಡಿದಿಟ್ಟರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ಹಾಗೇ ನೋಡುತ್ತದೆ. ಸಾಲ ವಸೂಲಿಗೆ ಬೇರೆ ದಾರಿ ಇದೆ, ಮನುಷ್ಯನನ್ನು ಕಟ್ಟಿಹಾಕುವುದು ದಾರಿಯಲ್ಲ.

ನಾಲ್ಕನೆಯದು: ಸಂಬಳದ ಲೆಕ್ಕ

ಮೊದಲು ಕನಿಷ್ಠ ವೇತನ ನೋಡಿ. ಕರ್ನಾಟಕದಲ್ಲಿ ಉದ್ಯೋಗದ ಬಗೆ, ಕೌಶಲ, ವಲಯ ನೋಡಿ ದರ ನಿಗದಿ ಆಗಿರುತ್ತದೆ. ಅದರ ಜೊತೆಗಿನ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹಾಗಾಗಿ ಮಾರ್ಚ್ ಕೊನೆಗೆ ಹೊಸ ಪಟ್ಟಿ ಹುಡುಕುವುದು ರೂಢಿಯಾಗಲಿ. ಹೋದ ವರ್ಷದ ದರವನ್ನೇ ಕೊಡುತ್ತಾ ಹೋಗಿ ಸಿಕ್ಕಿಬಿದ್ದವರು ಬಹಳ. ಮೋಸ ಮಾಡಬೇಕೆಂದಲ್ಲ, ಯಾರೂ ನೋಡಿರಲಿಲ್ಲ ಅಷ್ಟೇ.

ಹೊಸ ವೇತನ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಇದೆ. ಮೂಲ ವೇತನ, ತುಟ್ಟಿಭತ್ಯೆ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಮನೆ ಬಾಡಿಗೆ, ಓಡಾಟ, ಇತರೆ ಎಂದು ಹಂಚುವ ಪದ್ಧತಿ ಇತ್ತು. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಗ್ರಾಚ್ಯುಟಿಯ (ವರ್ಷಗಟ್ಟಲೆ ದುಡಿದವರಿಗೆ ಬಿಡುವಾಗ ಕೊಡುವ ಹಣ) ಲೆಕ್ಕ ಅದರ ಮೇಲೆ ಬರುತ್ತದೆ. ಹಳೆಯ ಸಂಬಳದ ಪಟ್ಟಿಯನ್ನು ನಿಮ್ಮ ಆಡಿಟರ್ ಜೊತೆ ಕೂತು ಒಮ್ಮೆ ಸರಿಪಡಿಸಿಕೊಳ್ಳಿ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸೇರಬೇಕು. ಬ್ಯಾಂಕಿಗೇ ಹಾಕಿ. ಪ್ರತಿ ತಿಂಗಳು ಸಂಬಳದ ಚೀಟಿ ಕೊಡಿ. ನಮ್ಮಲ್ಲೊಂದು ಅಂಗಡಿಯ ಬಿಲ್ಲಿಂಗ್ ಹುಡುಗಿಗೆ ತಂಗಿಯ ನರ್ಸಿಂಗ್ ಓದಿಗೆ ಸಾಲ ಬೇಕಿತ್ತು. ಬ್ಯಾಂಕಿನವರು ಮೂರು ತಿಂಗಳ ಸಂಬಳದ ಚೀಟಿ ಕೇಳಿದರು. ನಾಲ್ಕು ವರ್ಷ ಕೆಲಸ ಮಾಡಿದ್ದಳು, ಒಂದೂ ಚೀಟಿ ಇರಲಿಲ್ಲ. ಮುಂದಿನ ತಿಂಗಳು ಅವಳು ಚೀಟಿ ಕೊಡುವ ಇನ್ನೊಂದು ಶೋರೂಮಿಗೆ ಹೋದಳು. ಸಂಬಳ ಅಲ್ಲಿ ಜಾಸ್ತಿ ಇರಲಿಲ್ಲ.

ಕಡಿತಗಳ ವಿಷಯದಲ್ಲಿ ಹುಷಾರಾಗಿರಿ. ಗಲ್ಲಾದಲ್ಲಿ ದುಡ್ಡು ಕಡಿಮೆ ಬಂತು, ಗಾಜಿನ ಸಾಮಾನು ಒಡೆಯಿತು ಎಂದು ಕೇಳದೆ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಅವರ ಮಾತು ಕೇಳಬೇಕು, ಅವರ ನಿರ್ಲಕ್ಷ್ಯದಿಂದಲೇ ಆಗಿದೆ ಎಂದು ಗೊತ್ತಾಗಬೇಕು. ಎಲ್ಲ ಕಡಿತ ಸೇರಿದರೂ ವೇತನದ ಅರ್ಧ ದಾಟಬಾರದು. ಸಂಬಳ 25,000 ಅಥವಾ ಮೇಲಿದ್ದರೆ ವೃತ್ತಿ ತೆರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300.

ಐದನೆಯದು: ಸಮಯ, ರಜೆ, ಹಬ್ಬ

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಜಾಸ್ತಿ ಮಾಡಿಸಿದರೆ ಎರಡು ಪಟ್ಟು ದರ. ವಾರಕ್ಕೊಂದು ರಜೆ. 20 ದಿನ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ. ವರ್ಷಕ್ಕೆ 12 ದಿನ ಕಾಯಿಲೆ ರಜೆ.

ಹಬ್ಬದ ರಜೆಗೆ ಬೇರೆ ಕಾಯ್ದೆ ಇದೆ, 1963ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಸಂಬಳ ಸಹಿತ ರಜೆ. ಇದರ ಜೊತೆ ಇನ್ನೂ ಐದು ಹಬ್ಬದ ದಿನ. ಆ ಐದನ್ನು ಕೆಲಸಗಾರರ ಜೊತೆ ಕೂತು ಆರಿಸಿ. ನಿಮ್ಮಲ್ಲಿ ರಂಜಾನ್ ಆಚರಿಸುವವರು ನಾಲ್ಕು ಜನ ಇದ್ದು, ಪಟ್ಟಿಯಲ್ಲಿ ಅದೇ ಇಲ್ಲದಿದ್ದರೆ ಹೇಗೆ? ಆ ದಿನ ಕೆಲಸ ಮಾಡಿಸಲೇಬೇಕಾದರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಿ.

ಆರನೆಯದು: ಹತ್ತನೇ ಕೆಲಸಗಾರ

ಹತ್ತು ಜನ ಆದ ಕೂಡಲೇ ಇಎಸ್‌ಐ. ಕೆಲಸಗಾರರ ಪಾಲು 0.75 ಶೇಕಡಾ, ಮಾಲೀಕರ ಪಾಲು 3.25 ಶೇಕಡಾ. 14,000 ಸಂಬಳಕ್ಕೆ ಅವರದು 105 ರೂಪಾಯಿ, ನಿಮ್ಮದು 455. ಹತ್ತು ಜನಕ್ಕೆ ತಿಂಗಳಿಗೆ 4,550. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.

ಈ 4,550ಕ್ಕೆ ಏನು ಸಿಗುತ್ತದೆ ಎಂದು ನೋಡಿ. ಕೆಲಸಗಾರರಿಗೂ ಅವರ ಮನೆಯವರಿಗೂ ಚಿಕಿತ್ಸೆ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡಾ. ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೆ 90 ಶೇಕಡಾ. ಹೆರಿಗೆಗೆ 26 ವಾರ.

ಆದರೆ ಮಾಲೀಕರು ಯೋಚಿಸದ ಇನ್ನೊಂದು ಮುಖ ಇದೆ. ಇಎಸ್‌ಐ ಇಲ್ಲದ ಒಂಬತ್ತು ಜನರ ಗಿರಣಿಯಲ್ಲಿ ಬೆಲ್ಟಿಗೆ ಕೈ ಸಿಕ್ಕಿದರೆ ಪರಿಹಾರ ಯಾರು ಕೊಡಬೇಕು? ಮಾಲೀಕರೇ, ಸ್ವಂತ ಜೇಬಿನಿಂದ. ಕಾನೂನಿನಲ್ಲಿ ಆ ಹೊಣೆ ಮೊದಲಿಂದಲೂ ಇದೆ. ಇಎಸ್‌ಐ ಬಂದರೆ ಆ ಹೊಣೆಯನ್ನು ನಿಗಮ ಹೊರುತ್ತದೆ. ಅಂದರೆ ಒಂಬತ್ತಕ್ಕೆ ನಿಲ್ಲಿಸಿದವರು ಉಳಿಸಿಕೊಂಡದ್ದು ತಿಂಗಳ ಒಂದಿಷ್ಟು ಹಣ, ತಲೆ ಮೇಲೆ ಇಟ್ಟುಕೊಂಡದ್ದು ಲಕ್ಷಗಳ ಅಪಾಯ. ನಾನು ಈ ಮಾತನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಒಬ್ಬ ಮಾಲೀಕರು ಅದೇ ವಾರ ಇನ್ನಿಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರು. ನೀವು ಇನ್ನೂ ಹತ್ತರೊಳಗೆ ಇದ್ದರೆ, ಯಂತ್ರ, ವಾಹನ, ಲೋಡಿಂಗ್ ಕೆಲಸ ಇದ್ದರೆ, ಕಾರ್ಮಿಕರ ಪರಿಹಾರದ ವಿಮೆಯನ್ನಾದರೂ ಇವತ್ತೇ ಮಾಡಿಸಿ.

ಒಮ್ಮೆ ಇಎಸ್‌ಐ ಬಂದರೆ ಆಮೇಲೆ ಜನ ಎಂಟಕ್ಕೆ ಇಳಿದರೂ ಅದು ಮುಂದುವರಿಯುತ್ತದೆ. ಪಿಎಫ್ ಕೂಡ ಹಾಗೆಯೇ.

ಹತ್ತಕ್ಕೆ ಬರುವ ಇನ್ನೆರಡು ಹೊಣೆ. ಒಂದು, ಗ್ರಾಚ್ಯುಟಿ. ಐದು ವರ್ಷ ತುಂಬಿಸಿದವರಿಗೆ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಎಂಬ ಲೆಕ್ಕದಲ್ಲಿ. ಕೊನೆಯ ವೇತನ 13,000 ಇದ್ದರೆ ವರ್ಷಕ್ಕೆ 7,500, ಆರು ವರ್ಷಕ್ಕೆ 45,000. ಅವಧಿ ನಿಗದಿ ಮಾಡಿ ತೆಗೆದುಕೊಂಡವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಸಿಗುತ್ತದೆ. ಈ ಹಣವನ್ನು ಪ್ರತಿ ವರ್ಷ ಬೇರೆ ತೆಗೆದಿಡಿ.

ಇನ್ನೊಂದು, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಆಂತರಿಕ ಸಮಿತಿ. ಕನಿಷ್ಠ ನಾಲ್ಕು ಜನ. ಹಿರಿಯ ಮಹಿಳೆ ಅಧ್ಯಕ್ಷೆ, ಸಿಬ್ಬಂದಿಯಿಂದ ಇಬ್ಬರು, ಹೊರಗಿನ ಸಂಸ್ಥೆಯಿಂದ ಒಬ್ಬರು, ಅರ್ಧದಷ್ಟಾದರೂ ಮಹಿಳೆಯರು. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. "ನಮ್ಮಲ್ಲಿ ಹಾಗೆಲ್ಲ ಇಲ್ಲ" ಎನ್ನುವ ಅಂಗಡಿಯಲ್ಲೂ ಸಮಿತಿ ಇರಲಿ. ಯಾರಿಗೆ ಹೇಳಬೇಕೆಂದು ಗೋಡೆ ಮೇಲೆ ಹೆಸರು ಇದ್ದರೆ ಹೆಣ್ಣುಮಕ್ಕಳು ಧೈರ್ಯವಾಗಿ ಕೆಲಸ ಮಾಡುತ್ತಾರೆ. ಹತ್ತರೊಳಗಿನ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಏಳನೆಯದು: ಇಪ್ಪತ್ತು

ಇಪ್ಪತ್ತಕ್ಕೆ ಪಿಎಫ್. ವೇತನದ 12 ಶೇಕಡಾ ಅವರಿಂದ, 12 ಶೇಕಡಾ ನಿಮ್ಮಿಂದ. ವಿಮೆ ಮತ್ತು ಆಡಳಿತ ಶುಲ್ಕ ಸೇರಿ ನಿಮ್ಮದು ಸುಮಾರು 13 ಶೇಕಡಾ. 12,000 ವೇತನಕ್ಕೆ 1,560. ನಿಮ್ಮ 12ರಲ್ಲಿ 8.33 ಭಾಗ ಅವರ ಪಿಂಚಣಿಗೆ ಹೋಗುತ್ತದೆ. ಇದನ್ನೂ 15ರೊಳಗೆ ಕಟ್ಟಬೇಕು. ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ ಹಣ ಸಿಗುತ್ತದೆ. ಇದನ್ನು ನಿಮ್ಮ ಜನಕ್ಕೆ ಬಾಯಿಬಿಟ್ಟು ಹೇಳಿ. "ಪಿಎಫ್ ಹಿಡಿದು ಸಂಬಳ ಕಡಿಮೆ ಮಾಡಿದ್ರು" ಎಂಬ ಮಾತು ಬರುವುದು ಯಾರೂ ಹೇಳದೆ ಇದ್ದಾಗ.

ಬೋನಸ್ ಕೂಡ ಇಪ್ಪತ್ತಕ್ಕೆ. ಕನಿಷ್ಠ 8.33 ಶೇಕಡಾ, ಹೆಚ್ಚೆಂದರೆ 20. ಆಯುಧಪೂಜೆಗೆ ಸಿಹಿ, ಬಟ್ಟೆ ಕೊಡುವುದು ಒಳ್ಳೆಯದೇ. ಅದು ಬೋನಸ್‌ಗೆ ಬದಲು ಅಲ್ಲ.

ಈಗ ಜನ ತೆಗೆದುಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಆಗುವ ಹೊಸ ನೇಮಕಗಳಿಗೆ. ಪಿಎಫ್ ಇರುವ, 50ಕ್ಕಿಂತ ಕಡಿಮೆ ಜನರ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಂಡರೆ ಮಾಲೀಕರಿಗೆ ಪ್ರೋತ್ಸಾಹಧನ ಬರುತ್ತದೆ. ಪಿಎಫ್ ವೇತನ 10,000 ದಾಟಿ 20,000ದವರೆಗೆ ಇದ್ದರೆ ಒಬ್ಬರಿಗೆ ತಿಂಗಳಿಗೆ 2,000, ಅದಕ್ಕೂ ಮೇಲೆ 1 ಲಕ್ಷದವರೆಗೆ 3,000. ಎರಡು ವರ್ಷ. ತಯಾರಿಕಾ ಘಟಕಗಳಿಗೆ ನಾಲ್ಕು ವರ್ಷ. 14,000 ವೇತನದವರಿಗೆ ನೀವು ಕಟ್ಟುವ ಪಿಎಫ್ ಪಾಲು 1,820, ಬರುವುದು 2,000. ಮೊದಲ ಸಲ ಕೆಲಸಕ್ಕೆ ಸೇರಿದವರಿಗೂ 15,000ದವರೆಗೆ ಎರಡು ಕಂತಿನಲ್ಲಿ ಸಿಗುತ್ತದೆ. ಹೊಸದಾಗಿ ಪಿಎಫ್‌ಗೆ ಸೇರುವ ಸಂಸ್ಥೆಗೆ ಎಣಿಕೆಯ ಲೆಕ್ಕ ಬೇರೆ ಇದೆ. ಅರ್ಜಿಗೆ ಮುಂಚೆ ಆಡಿಟರ್ ಹತ್ತಿರ ವಿಚಾರಿಸಿ.

ಎಂಟನೆಯದು: ಬಿಟ್ಟು ಹೋಗುವಾಗ

ಆರು ತಿಂಗಳು ತುಂಬಿಸಿದವರನ್ನು ಅಂಗಡಿ ಕಾಯ್ದೆಯ ಪ್ರಕಾರ ಸಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ಕಳ್ಳತನದಂಥ ಆರೋಪ ಇದ್ದರೆ ನೋಟಿಸ್ ಬೇಡ, ಆದರೆ ಆರೋಪವನ್ನು ಬರೆದು ಕೊಟ್ಟು, ಅವರ ಉತ್ತರ ಪಡೆದು, ವಿಚಾರಣೆ ಮಾಡಬೇಕು. ಎಲ್ಲರ ಮುಂದೆ ಬೈದು "ನಾಳೆಯಿಂದ ಬರಬೇಡ" ಎನ್ನುವುದು ಕಾನೂನಿಗೂ ನಿಲ್ಲುವುದಿಲ್ಲ, ನೋಡಿ ನಿಂತ ಉಳಿದ ಎಂಟು ಜನರ ಮನಸ್ಸಿಗೂ ಒಗ್ಗುವುದಿಲ್ಲ.

ತೆಗೆದರೂ, ಅವರೇ ಬಿಟ್ಟರೂ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಇದು ಹೊಸ ವೇತನ ಸಂಹಿತೆಯ ನಿಯಮ. "ಮುಂದಿನ ತಿಂಗಳು ಬಾ, ನೋಡೋಣ" ಎಂದು ಅಲೆಸುವುದು ಇನ್ನು ನಡೆಯದು. ಕೆಲಸ ಮಾಡಿದ ಅವಧಿಯ ಪತ್ರ ಕೊಡಿ. ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನವನ್ನು ಅದೇ ತಿಂಗಳು ನಮೂದಿಸಿ. ನೀವು ನಮೂದಿಸದಿದ್ದರೆ ಅವರು ತಾವಾಗಿ ಹಾಕಿಕೊಳ್ಳಲು ಎರಡು ತಿಂಗಳು ಕಾಯಬೇಕು, ಅಲ್ಲಿವರೆಗೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಬೆಂಗಳೂರಿಗೆ ಹೋದ ಹುಡುಗರಲ್ಲಿ ಕೆಲವರು ಒಂದೆರಡು ವರ್ಷಕ್ಕೆ ಬಾಡಿಗೆ, ಊಟದ ಖರ್ಚು ನೋಡಿ ದಾವಣಗೆರೆಗೆ ಮರಳುತ್ತಾರೆ. ಬಿಡುವಾಗ ಲೆಕ್ಕ ಚುಕ್ತಾ ಮಾಡಿ ಕಳಿಸಿದ ಅಂಗಡಿಯ ಬಾಗಿಲನ್ನೇ ಮೊದಲು ತಟ್ಟುತ್ತಾರೆ. ಅವರ ಹಳೆಯ ನೇಮಕಾತಿ ಪತ್ರ, ಇಎಸ್‌ಐ ಸಂಖ್ಯೆ, ಪಿಎಫ್‌ನ ಯುಎಎನ್ (ಸಾರ್ವತ್ರಿಕ ಖಾತೆ ಸಂಖ್ಯೆ) ಇರುವ ಫೈಲನ್ನು ಎಸೆಯದೆ ಇಟ್ಟುಕೊಂಡಿರಿ. ಮರಳಿ ಸೇರಿಸುವಾಗ ಹೊಸ ಸಂಖ್ಯೆ ಮಾಡಿಸಬೇಡಿ, ಹಳೆಯದನ್ನೇ ಜೋಡಿಸಿ.